ವಿಷಯ: ತಾರಸಿಗೆ ನೀರು ಹಾಕದೆ ಆ್ಯಪ್‌ನಲ್ಲಿ ಹಸಿರು ಟಿಕ್ ಹಾಕಿರುವ ಬಗ್ಗೆ ದೂರು

ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ಆರು ಸಲ ಫೋನ್ ಮಾಡಿದ್ದೇನೆ. ಆರೂ ಸಲ "ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ" ಅಂತ ಮೆಸೇಜ್ ಬಂತು. ಅದಕ್ಕೇ ಈ ಕಾಗದ, ಸ್ಪೀಡ್ ಪೋಸ್ಟಿನಲ್ಲಿ. ಇದನ್ನು ಕ್ಲೋಸ್ ಮಾಡೋಕೆ ಬಟನ್ ಇಲ್ಲ.

ಏಪ್ರಿಲ್ 9ರಂದು ಮೈಸೂರು ಬೋಗಾದಿಯ ನಮ್ಮ ಮನೆ ತಾರಸಿಗೆ ಆರ್‌ಸಿಸಿ ಹಾಕಿದಿರಿ. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು. ಕಾಂಕ್ರೀಟಿನ ರಾಷ್ಟ್ರೀಯ ಮಾನದಂಡ ಐಎಸ್ 456 ಪ್ರಕಾರ ಅದಕ್ಕೆ ಕಡಿಮೆ ಅಂದರೂ 10 ದಿನ ನೀರು ಬೇಕು, 14 ದಿನ ಆದರೆ ಒಳ್ಳೆಯದು. ನಿಮಗೆ ಹೇಳಿಕೊಡಬೇಕಾಗಿಲ್ಲ, ನಿಮ್ಮ ಅಗ್ರಿಮೆಂಟಿನಲ್ಲೇ 14 ಅಂತಿದೆ. ಐದನೇ ದಿನ ಹೋಗಿ ನೋಡಿದರೆ ನೀರು ನಿಲ್ಲಲಿ ಅಂತ ಗಾರೆಯಲ್ಲಿ ಕಟ್ಟಿದ್ದ ಪಾತಿ ಒಡೆದಿತ್ತು. ಒಂದು ಹನಿ ನೀರಿಲ್ಲ. ಹೊಸ ಮನೆ ಅಲ್ವಾ, ಚಪ್ಪಲಿ ಬಿಟ್ಟು ಕಾಲಿಟ್ಟೆ. ಅಂಗಾಲು ಸುಟ್ಟಿತು. ಮೂರು ಕಡೆ ಕೂದಲೆಳೆಯಷ್ಟು ಬಿರುಕು.

ಅಲ್ಲೇ ನಿಂತು ಆ್ಯಪ್ ತೆಗೆದೆ. "ಕ್ಯೂರಿಂಗ್, 5ನೇ ದಿನ", ಎದುರಿಗೆ ಹಸಿರು ಟಿಕ್. ಫೋಟೋದಲ್ಲಿ ತಾರಸಿ ತುಂಬ ನೀರು, ಹಿಂದೆ ತೆಂಗಿನ ಮರ, ಮೂಲೆಯ ಕಂಬಿ ಮೇಲೆ ಒಂದು ಕಾಗೆ. ನಮ್ಮ ಸೈಟಿನ ಸುತ್ತ ಪಾರ್ಥೇನಿಯಂ ಬಿಟ್ಟರೆ ಏನೂ ಇಲ್ಲ. ಹೋಗಲಿ ಅಂತ 4ನೇ ದಿನದ ಫೋಟೋ ನೋಡಿದೆ. ಅದೇ ಕಂಬಿ, ಅದೇ ಕಾಗೆ. 3ನೇ ದಿನ, 2ನೇ ದಿನವೂ ಅಷ್ಟೇ. ಪಿತೃಪಕ್ಷದಲ್ಲಿ ಎಡೆ ಇಟ್ಟು ಗಂಟೆಗಟ್ಟಲೆ ಕರೆದರೂ ನಮಗೆ ಇಷ್ಟು ಶಿಸ್ತಿನ ಕಾಗೆ ಸಿಕ್ಕಿಲ್ಲ.

ಮಾರನೇ ದಿನ ನಿಮ್ಮ ಆಫೀಸಿಗೆ ಬಂದೆ. ನಲವತ್ತು ನಿಮಿಷ ಕೂರಿಸಿ, ಪೇಪರ್ ಲೋಟದಲ್ಲಿ ಅರ್ಧ ನೀರು ಕೊಟ್ಟರು. ತಾರಸಿಗೆ ಅಷ್ಟೂ ಸಿಕ್ಕಿರಲಿಲ್ಲ. ಆಮೇಲೆ ಒಬ್ಬ ಹುಡುಗ ಬಂದರು.

"ಆಂಟಿ, ಸಿಸ್ಟಮ್‌ನಲ್ಲಿ ಗ್ರೀನ್ ಇದೆಯಲ್ಲ."

"ತಾರಸಿ ಮೇಲೆ ನೀರಿಲ್ಲಪ್ಪ."

"ಸಿಸ್ಟಮ್‌ನಲ್ಲಿ ಇದೆ ಆಂಟಿ."

ಕಾಗೆ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಕ್ಲಾರಿಟಿ ಚೆನ್ನಾಗಿದೆ" ಅಂದರು. ಆಮೇಲೆ "ನಿಮ್ಮ ಮನೆ ಒಳಗೆ ಓಡಾಡಿ ಬನ್ನಿ" ಅಂತ ವಿಆರ್ ಕನ್ನಡಕ ತಂದರು. ನನ್ನ ಕನ್ನಡಕದ ಮೇಲೆ ಅದು ಕೂರಲಿಲ್ಲ. ನನ್ನದನ್ನು ತೆಗೆಸಿದರು. ಮಸುಕು ಮಸುಕಾಗಿ ಸೋಫಾ, ಹೂದಾನಿ ಕಂಡವು. ದೇವರ ಮನೆ ಕಡೆ ತಿರುಗಿದೆ, ನಿಮ್ಮ ಗೋಡೆಗೆ ಮೊಣಕೈ ಬಡಿಯಿತು. ಪಕ್ಕದ ಟೇಬಲಿನವರು ನಕ್ಕರು. "ನಿಮಗೆ ಅರ್ಥ ಆಗಲ್ಲ ಆಂಟಿ, ಮಗನ ನಂಬರ್ ಕೊಡಿ" ಅಂದರು ಆ ಹುಡುಗ. ನಾನು ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿಕೊಟ್ಟವಳು. ನನಗೆ ಮಗ ಇಲ್ಲ. ಸೈಟು, ಸಾಲ, ಪೆನ್ಷನ್ ಮೂರೂ ನನ್ನ ಹೆಸರಿನಲ್ಲೇ ಇವೆ.

ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದರು: "ನೀವೇ ಫೈವ್ ಸ್ಟಾರ್ ಕೊಟ್ಟಿದ್ದೀರಲ್ಲ!" ಸ್ಟಾರ್ ಒತ್ತದೆ ನಿಮ್ಮ ಆ್ಯಪ್ ಮುಂದಕ್ಕೇ ಹೋಗಲ್ಲ. ಒಂದು ಸ್ಟಾರ್ ಒತ್ತಿದರೆ ಕಾರಣವನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅನ್ನುತ್ತೆ. ಐದು ಒತ್ತಿದರೆ ಸುಮ್ನೆ ಬಿಡುತ್ತೆ.

ಆ್ಯಪ್ ಬೇಡ ಅಂತ ಹೇಳುತ್ತಿಲ್ಲ. ಪಂಚಾಯ್ತಿಯಿಂದ ಕೊಡುವ ಬಸವ ವಸತಿ ಮನೆಗೂ ತಳಪಾಯ, ಲಿಂಟಲ್, ಚಾವಣಿ ಅಂತ ಜಿಪಿಎಸ್ ಫೋಟೋ ಬಂದರೇನೇ ದುಡ್ಡು. ನಿಮ್ಮಲ್ಲಿ ಕಾಗೆ ಬಂದರೆ ಸಾಕು. ಟಿಕ್ ಬಿದ್ದ ಸಂಜೆಯೇ 5,40,000 ರೂಪಾಯಿ ಕಂತು ಕಟ್ಟಿ ಅಂತ ಮೆಸೇಜ್ ಬಂತು. ಆ ಕೆಲಸಕ್ಕೆ ಮಾತ್ರ ನಿಮ್ಮ ಆ್ಯಪ್ ಒಂದು ನಿಮಿಷ ತಡ ಮಾಡಲಿಲ್ಲ.

ನಿಮಗೆ ಸೇರದ ಇಂಜಿನಿಯರ್ ಬಂದು ಕಾಂಕ್ರೀಟಿನ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್ ಟೆಸ್ಟ್ ಮಾಡಲಿ, ಖರ್ಚು ನಿಮ್ಮದು. ಅಲ್ಲಿ ತನಕ ಕಂತು ಕಟ್ಟಲ್ಲ. 15 ದಿನ ಕಾಯುತ್ತೇನೆ. ಮನೆ ಕಟ್ಟಿಕೊಡೋದು 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ 'ಸೇವೆ' ಅಂತ ನಿಮ್ಮ ವಕೀಲರಿಗೆ ಗೊತ್ತಿರುತ್ತೆ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್ಲಿನಲ್ಲಿ ದೂರು ಹಾಕೋಕೆ ನನಗೆ ಮಗ ಬೇಕಾಗಿಲ್ಲ.

ಅದೂ ಸಾಲದಿದ್ದರೆ ದಸರಾ ವಸ್ತುಪ್ರದರ್ಶನ ಇದ್ದೇ ಇದೆ. ಹೋದ ವರ್ಷ ದೊಡ್ಡಕೆರೆ ಮೈದಾನದ ನಿಮ್ಮ ಮಳಿಗೆಯಲ್ಲೇ ನಾನು ಅಡ್ವಾನ್ಸ್ ಕೊಟ್ಟಿದ್ದು. ಈ ವರ್ಷ ಆ ನಾಲ್ಕು ಫೋಟೋ ಬ್ಯಾನರ್ ಮಾಡಿಸಿಕೊಂಡು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ರಿಟೈರ್ ಆಗಿದ್ದೇನೆ, ಬೇಕಾದಷ್ಟು ಹೊತ್ತಿದೆ.

ಇಂತಿ,
ಆಂಟಿ

ಲಗತ್ತು: ಕಾಗೆ, 4 ಪ್ರತಿ