ಮಂಡಿ ಜಾರುತ್ತದೆ ಎಂದಾಗ ನಂಬಿದವರಿಗೆ

ಇವತ್ತು ಬೆಳಿಗ್ಗೆ ಹಳ್ಳದ ಆಚೆಯ ಮನೆಗೆ ನಡೆದು ಹೋಗಿ ಬಂದೆ. ಕೋಲು ಇಲ್ಲ, ಯಾರ ಕೈಯೂ ಹಿಡಿಯಲಿಲ್ಲ. ಹೋಗಲು ಇಪ್ಪತ್ತು ನಿಮಿಷ, ಬರುವಾಗ ಏರು ಇದ್ದುದರಿಂದ ಅರ್ಧ ಗಂಟೆ. ಮನೆಗೆ ಬಂದು ಕಾಲಿಗೆ ಐಸ್ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸುಮಾರು ಎರಡು ವರ್ಷದಿಂದ ಬಾಕಿ ಇದ್ದ ಬರಹ ಇದು.

ನಾನು ಶಿರಸಿ ತಾಲೂಕಿನ ಘಟ್ಟದಂಚಿನ ಹಳ್ಳಿಯ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವನ್ನು ನೋಡಬೇಕು. 2023ರ ಜುಲೈನಲ್ಲಿ ಒಂದು ಮಗುವಿನ ಏಳನೇ ದಿನ. ಹಳ್ಳ ತುಂಬಿ ಹರಿಯುತ್ತಿತ್ತು. ಅಡಿಕೆ ಮರ ಸೀಳಿದ ದಬ್ಬೆಯ ಕಾಲುಸಂಕದ (ಕಾಲುಸೇತುವೆಯ) ಮೇಲೆ ಪಾಚಿ. ನೂರು ಸಲ ದಾಟಿದ ಸಂಕ ಅಲ್ವಾ, ಆ ಧೈರ್ಯದಲ್ಲೇ ಕಾಲಿಟ್ಟೆ. ಜಾರಿತು. ಬಲಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು, ಮೈ ಇನ್ನೊಂದು ಕಡೆ ಬಿತ್ತು. ಮಂಡಿಯೊಳಗೆ ಏನೋ ಫಟ್ ಎಂದದ್ದು ಆ ಮಳೆಯ ಸದ್ದಿನಲ್ಲೂ ನನಗೆ ಕೇಳಿತು.

ಬಾಣಂತಿಯ ಗಂಡ ಮತ್ತು ಅವನ ಅಣ್ಣಂದಿರು ಓಡಿ ಬಂದರು. ಕಂಬಳಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಜೋಲಿ ಮಾಡಿದರು. ಜೀಪು ನಿಲ್ಲುವ ರಸ್ತೆ ಒಂದೂವರೆ ಕಿಲೋಮೀಟರ್. ಉಂಬಳ (ಜಿಗಣೆ) ಹತ್ತಿ ಅವರ ಕಾಲಿನಿಂದ ರಕ್ತ ಇಳಿಯುತ್ತಿತ್ತು, ಒಬ್ಬರೂ ಹೆಗಲು ಬದಲಿಸಲು ನಿಲ್ಲಲಿಲ್ಲ. ಮೊದಲ ಕೃತಜ್ಞತೆ ಆ ಹೆಗಲುಗಳಿಗೆ.

ಎಕ್ಸ್‌ರೇ ತೆಗೆದಲ್ಲಿ ಮೂಳೆಯಲ್ಲಿ ಸಣ್ಣ ಬಿರುಕು ಎಂದರು. ಆರು ವಾರ ಪ್ಲಾಸ್ಟರ್ ಹಾಕಿದರು. ಬಿಚ್ಚಿದ ಮೇಲೆ "ಮೂಳೆ ಕೂಡಿದೆ, ಇನ್ನು ನಡೆಯಿರಿ" ಎಂದರು. ಮೂಳೆ ಕೂಡಿದ್ದು ನಿಜ. ಆದರೆ ನಡೆಯುವಾಗ, ಅದರಲ್ಲೂ ಇಳಿಜಾರಿನಲ್ಲಿ ತಿರುಗುವಾಗ, ತೊಡೆ ಒಂದು ಕಡೆ, ಕಣಕಾಲು ಒಂದು ಕಡೆ ಹೋದ ಹಾಗೆ ಆಗುತ್ತಿತ್ತು. "ಮಂಡಿ ಜಾರುತ್ತದೆ" ಎಂದೆ. ಇದಕ್ಕಿಂತ ಬೇರೆ ಮಾತು ನನಗೆ ಸಿಗಲಿಲ್ಲ. ತೂಕ ಇಳಿಸಿ ಎಂದರು ಒಬ್ಬರು. ಬಿದ್ದ ಹೆದರಿಕೆ ಇನ್ನೂ ಹೋಗಿಲ್ಲ ಎಂದರು ಇನ್ನೊಬ್ಬರು. ಎಣ್ಣೆ ತಿಕ್ಕಿದೆ, ಪಟ್ಟಿ ಕಟ್ಟಿದೆ. ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ನನಗೇ ಅನುಮಾನ ಬಂತು, ಸುಮ್ನೆ ನನ್ನ ಮನಸ್ಸಿನ ಭ್ರಮೆ ಇರಬಹುದಾ ಎಂದು. ನೋವಿಗಿಂತ ಆ ಅನುಮಾನ ಜಾಸ್ತಿ ತಿಂದಿತು.

2024ರ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ಜಾತ್ರೆ ನಡೆಯುವ ಬಿಡಕಿಬೈಲಿನ ಜನಸಂದಣಿಯಲ್ಲಿ ಯಾರೋ ತಾಗಿದರು, ಮಂಡಿ ಮಡಚಿ ಕುಸಿದೆ. ಮರುದಿನ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಕೂತೆ. ಅಲ್ಲಿದ್ದವರು ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕ ಡಾಕ್ಟರು. ಹಳೆಯ ಎಕ್ಸ್‌ರೇ ಪಕ್ಕಕ್ಕಿಟ್ಟು, "ಹೇಗೆ ಜಾರುತ್ತದೆ, ಹೇಳಿ" ಎಂದರು. ಎಂಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ನನ್ನನ್ನು ಮಲಗಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆದರು. ಎಡಗಾಲು ಗಕ್ಕನೆ ನಿಂತಿತು. ಬಲಗಾಲು ಎಳೆದಷ್ಟೂ ಬಂತು. "ನೀವು ಹೇಳಿದ್ದು ಸರಿ. ಇದು ಹೆದರಿಕೆ ಅಲ್ಲ, ಒಳಗೆ ಹಿಡಿದಿಡುವ ಲಿಗಮೆಂಟ್ ಹರಿದಿದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಎಂಆರ್‌ಐ ಬೇಕು" ಎಂದರು. ಅಲ್ಲೇ ಅತ್ತುಬಿಟ್ಟೆ. ಕೆಟ್ಟ ಸುದ್ದಿಗೆ ಅಲ್ಲ, ನಂಬಿದರಲ್ಲ ಎಂದು. ಡಾಕ್ಟರೇ, ಆ ಎರಡು ನಿಮಿಷ ನನ್ನ ಕಾಲನ್ನು ಉಳಿಸಿತು.

ಆಮೇಲೆ ಹುಬ್ಬಳ್ಳಿಯ ಓಡಾಟ. ನೂರು ಕಿಲೋಮೀಟರ್ ಹತ್ತಿರ, ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಎಲ್ಲರೂ ಕೂಗಿ ಎಷ್ಟು ವರ್ಷವಾಯಿತು? ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ನಾವು ಹಂಚಿ ಹೋಗುವುದು ನಿಂತಿಲ್ಲ. ಈ ಮಾತನ್ನು ಇಲ್ಲಿ ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ.

ಎಂಆರ್‌ಐಯಲ್ಲಿ ಎಲ್ಲ ಹೊರಬಿತ್ತು. ಮಂಡಿಯ ನಡುವಿನ ಮುಂದಿನ ಲಿಗಮೆಂಟ್ ಪೂರ್ತಿ ಹರಿದಿತ್ತು, ಹೊರಬದಿಯದೂ ಹರಿದಿತ್ತು. ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗೆ ಇರುವ ಮೆನಿಸ್ಕಸ್ ಸೀಳಿತ್ತು. ಮಂಡಿ ಪ್ರತಿ ಸಲ ಜಾರಿದಾಗ ಆ ಸೀಳು ಬೆಳೆದಿರಬಹುದು ಎಂದರು. ಒಬ್ಬ ಸರ್ಜನ್, ಹೀಗೇ ಬಿಟ್ಟು ಸವೆದ ಮೇಲೆ ಕೃತಕ ಮಂಡಿ ಹಾಕಿಸಬಹುದು ಎಂದರು. ನನಗೆ ಆಗ ನಲವತ್ತೊಂದು. ಇನ್ನೊಬ್ಬರು ಪ್ಲಾಸ್ಟಿಕ್ಕಿನ ಮಂಡಿಯ ಮಾದರಿ ತಂದು ಮೇಜಿನ ಮೇಲಿಟ್ಟು ಅರ್ಧ ಗಂಟೆ ವಿವರಿಸಿದರು. ಕೃತಕ ಮಂಡಿಯೂ ಸವೆಯುತ್ತದೆ, ಈ ವಯಸ್ಸಿಗೆ ನಿಮ್ಮ ಮಂಡಿಯನ್ನೇ ಮತ್ತೆ ಕಟ್ಟುವುದು ಒಳ್ಳೆಯದು ಎಂದರು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು, ಅದರಲ್ಲಿ ಹಾಯಿಸಿ ಹೊಸ ಲಿಗಮೆಂಟ್ ಮಾಡುತ್ತಾರೆ. ಅದು ಗಟ್ಟಿಯಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ. ಮೊದಲಿನ ಮಂಡಿ ಆಗುವುದಿಲ್ಲ, ಮುಂದೆ ಸವೆತ ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಆ ನೇರ ಮಾತಿಗೇ ನಾನು ಹೂಂ ಎಂದದ್ದು.

ಊರಿನ ಎಷ್ಟೋ ಮನೆಗೆ ಆಯುಷ್ಮಾನ್ ಕಾರ್ಡ್ ಮಾಡಿಸಿಕೊಟ್ಟವಳು ನಾನು. ನನ್ನ ಸರದಿ ಬಂದಾಗ ಕೈ ನಡುಗಿತು. ರೆಫರಲ್ ಪತ್ರಕ್ಕೆ ಓಡಾಡಿದವಳು ಪಕ್ಕದ ಊರಿನ ಆಶಾ ಗೆಳತಿ. ಖರ್ಚಿನ ದೊಡ್ಡ ಪಾಲು ಕಾರ್ಡಿನಲ್ಲಿ ಹೋಯಿತು, ಉಳಿದದ್ದಕ್ಕೆ ಸೊಸೈಟಿಯವರು ತಡಮಾಡದೆ ಸಾಲ ಕೊಟ್ಟರು. ಗೆಳತಿ ತನ್ನ ಮನೆಗಳ ಜೊತೆ ನನ್ನ ಮನೆಗಳನ್ನೂ ನೋಡಿಕೊಂಡಳು. ಅವತ್ತು ನಾನು ಮುಟ್ಟಲಾಗದ ಆ ಏಳನೇ ದಿನದ ಮಗುವನ್ನು ಮರುದಿನವೇ ಸುತ್ತು ದಾರಿಯಲ್ಲಿ ಹೋಗಿ ತೂಗಿ ಬಂದವಳೂ ಅವಳೇ.

2024ರ ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಮುಗಿದ ರಾತ್ರಿ ಸರ್ಜನ್ ಬಂದು ಮೊದಲು ಹೇಳಿದ್ದು "ಹೆಬ್ಬೆರಳು ಎತ್ತಿ". ಮಂಡಿಯ ಹೊರಬದಿಯಲ್ಲೇ ಪಾದವನ್ನು ಎತ್ತುವ ನರ ಹಾದುಹೋಗುತ್ತದಂತೆ. ಬೆನ್ನಿಗೆ ಕೊಟ್ಟ ಮದ್ದು ಇನ್ನೂ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಬೆರಳು ಎದ್ದಿತು. ಅವರು ನಕ್ಕರು. ಆ ನಗು ಈಗಲೂ ಕಣ್ಣ ಮುಂದೆ ಇದೆ.

ಆರು ವಾರ ಕಾಲು ಊರುವಂತಿಲ್ಲ. ಅಷ್ಟರಲ್ಲಿ ತೊಡೆ ಕಡ್ಡಿಯಾಯಿತು. ಮಂಡಿ ಬಗ್ಗಿಸಲು ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಎಳೆಯಬೇಕು, ಬಟ್ಟೆಗೆ ಹಿಮ್ಮಡಿ ಹಿಡಿದುಕೊಳ್ಳುತ್ತಿತ್ತು. ನಮ್ಮ ಅತ್ತೆ ಒಂದು ಅಡಿಕೆ ಹಾಳೆ ತಂದು ಅದರ ನುಣುಪು ಬದಿ ಮೇಲೆ ಮಾಡಿ ಕಾಲಡಿಗೆ ಇಟ್ಟರು. ಹಿಮ್ಮಡಿ ಸರಾಗ ಜಾರಿತು. ಫಿಸಿಯೋಥೆರಪಿಸ್ಟ್‌ಗೆ ಫೋಟೋ ಕಳಿಸಿದೆ, ಬೇರೆಯವರಿಗೂ ಇದನ್ನೇ ಹೇಳುತ್ತೇನೆ ಎಂದರು. ಅತ್ತೆ ದಿನಕ್ಕೆ ಮೂರು ಸಲ ಪಕ್ಕದಲ್ಲಿ ಕೂತು ಎಣಿಸಿದರು. ನಾನು ಅತ್ತರೂ ಎಣಿಕೆ ಬಿಡಲಿಲ್ಲ. ನನ್ನವರು ಬಚ್ಚಲಿಗೆ ಹೋಗುವ ದಾರಿಗೆಲ್ಲ ಬಿದಿರಿನ ಕೈಹಿಡಿ ಕಟ್ಟಿದರು. ಮಗಳು ಎಸ್ಸೆಸ್ಸೆಲ್ಸಿ ಓದನ್ನು ನನ್ನ ಹಾಸಿಗೆಯ ಪಕ್ಕದಲ್ಲೇ ಮುಗಿಸಿದಳು. ನಿಮಗೆ ಥ್ಯಾಂಕ್ಸ್ ಎಂದರೆ ನಿಮಗೇ ಬೇಸರವಾದೀತು, ಆದರೂ ಹೇಳುತ್ತೇನೆ.

ಈಗ ಮಂಡಿ ಜಾರುವುದಿಲ್ಲ. ಪೂರ್ತಿ ಮಡಚುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಲು ಆಗದು, ಮಳೆಗಾಲದಲ್ಲಿ ಒಳಗೆ ಬಿಗಿಯುತ್ತದೆ. ಹಳ್ಳಕ್ಕೆ ಈ ಸಲ ಕಬ್ಬಿಣದ ಸಂಕ ಬಂದಿದೆ, ಎರಡೂ ಕಡೆ ಕೈಹಿಡಿ ಇದೆ. ಹಿಡಿದುಕೊಂಡೇ ದಾಟಿದೆ. ಆಚೆ ಮನೆಯ ಆ ಮಗು ಈಗ ಅಂಗಳದಲ್ಲಿ ಓಡುತ್ತದೆ, ನನ್ನನ್ನು ಕಂಡು ಒಳಗೆ ಅಡಗಿತು. ಅದರ ಅಮ್ಮ ಮುರುಗಲು ಪಾನಕ ಕೊಟ್ಟು ಅಜ್ಜನ ಕುರ್ಚಿ ಎಳೆದು ಹಾಕಿದಳು.

ಮುಂದಿನ ಸೋಮವಾರದಿಂದ ಎಲ್ಲರ ಮನೆಗೂ ನಾನೇ ಬರುತ್ತೇನೆ. ತಾಯಿ ಕಾರ್ಡ್ ತೆಗೆದಿಟ್ಟಿರಿ. ಚಾಪೆ ಹಾಸಬೇಡಿ, ಒಂದು ಕುರ್ಚಿ ಇಟ್ಟಿರಿ, ಸಾಕು.