ಹೆನ್ರಿ ಕ್ಲೇ ಮತ್ತು ಷಾರ್ಲೆಟ್: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಕಾನೂನು ಓದಿ ಮುಂದೆ ಚುನಾವಣೆಗೂ ನಿಲ್ಲುತ್ತೇನೆ ಅಂತಿದ್ದೀಯಂತೆ. ನಿಮ್ಮಪ್ಪನಿಗೆ ದಿಗಿಲು, ನನಗೇನಿಲ್ಲ. ಆದರೆ ಅದಕ್ಕೂ ಮೊದಲು ಅಮೆರಿಕದ ಹೆನ್ರಿ ಕ್ಲೇ ಅನ್ನೋ ವಕೀಲನ ವಿಷಯ ನಿನಗೆ ಗೊತ್ತಿರಲಿ.

1777ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವನು. ನಾಲ್ಕು ವರ್ಷಕ್ಕೇ ತಂದೆ ತೀರಿಕೊಂಡರು. ಶಾಲೆಯ ಓದು ಅಷ್ಟಕ್ಕಷ್ಟೇ, ಕೈಬರಹ ಮಾತ್ರ ಮುದ್ದಾಗಿತ್ತು. ರಿಚ್ಮಂಡಿನಲ್ಲಿ ಜಾರ್ಜ್ ವಿತ್ ಎಂಬ ನ್ಯಾಯಾಧೀಶರಿದ್ದರು. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆಫರ್ಸನ್‌ಗೆ ಕಾನೂನು ಕಲಿಸಿದ್ದವರು. ಅವರಿಗೆ ಕೈ ಸರಿಯಿಲ್ಲದೆ ಬರೆಯುವುದು ಕಷ್ಟವಾಗಿತ್ತು, ಬರೆದುಕೊಡಲು ಈ ಹುಡುಗನನ್ನು ಇಟ್ಟುಕೊಂಡರು. ನಕಲು ಮಾಡುತ್ತಲೇ ಅವನು ಕಾನೂನು ಕಲಿತ.

1797ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ಸೇರಿದ. ಕೆಂಟಕಿ ರಾಜ್ಯವಾಗಿ ಆಗಿನ್ನೂ ಐದು ವರ್ಷ. ಸರಿಯಾದ ಸರ್ವೆ ಮಾಡದೆ ಜಮೀನು ಕೊಟ್ಟಿದ್ದರಿಂದ ಒಂದೇ ತುಂಡಿಗೆ ಮೂರ್ನಾಲ್ಕು ಜನ ಕಾಗದ ಹಿಡಿದು ಬರುತ್ತಿದ್ದರು. ವಕೀಲರಿಗೆ ಸುಗ್ಗಿ!

1803ರಲ್ಲಿ ರಾಜ್ಯದ ಶಾಸಕನಾದ. ಶಾಸಕರು ಇಂಗ್ಲೆಂಡಿನ ಬಟ್ಟೆ ಬಿಟ್ಟು ತಮ್ಮ ದೇಶದಲ್ಲಿ ನೇಯ್ದದ್ದನ್ನೇ ತೊಡಬೇಕು ಅಂತ ನಿರ್ಣಯ ತಂದ. ಹಂಫ್ರಿ ಮಾರ್ಷಲ್ ಅನ್ನೋ ಶಾಸಕ ವಿರೋಧಿಸಿದ. ಮಾತಿಗೆ ಮಾತು ಬೆಳೆದು 1809ರಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಕ್ಲೇ ತೊಡೆಗೆ ಗುಂಡು ಬಿತ್ತು. ಬಟ್ಟೆಗೋಸ್ಕರ ನೋಡು! ಅಷ್ಟರೊಳಗೆ ಅವನು ದೇಶದ ಮೇಲ್ಮನೆಯಾದ ಸೆನೆಟ್ಟಿಗೂ ಹೋಗಿ ಬಂದಿದ್ದ. ಅಲ್ಲಿಗೆ ಮೂವತ್ತು ತುಂಬಿರಬೇಕು, ಇವನಿಗೆ ಇಪ್ಪತ್ತೊಂಬತ್ತು. ಯಾರೂ ಕೇಳಲಿಲ್ಲ. 1811ರಲ್ಲಿ ಕೆಳಮನೆಗೆ ಕಾಲಿಟ್ಟ ಮೊದಲ ದಿನವೇ ಸ್ಪೀಕರ್.

ಅವನ ದೊಡ್ಡ ಹೆಸರೆಲ್ಲ ರಾಜಿ ಮಾಡಿಸಿದ್ದಕ್ಕೆ. 1820ರಲ್ಲಿ ಹೊಸ ರಾಜ್ಯಗಳಾಗಲಿದ್ದ ಎರಡರಲ್ಲಿ, ಮಿಸೌರಿಯಲ್ಲಿ ಗುಲಾಮಗಿರಿ ಇರಲಿ, ಮೇನ್‌ನಲ್ಲಿ ಬೇಡ ಅಂತ, ಅದು ಹರಡಬಾರದೆನ್ನುವ ಉತ್ತರದವರನ್ನೂ ಬೇಕೆನ್ನುವ ದಕ್ಷಿಣದವರನ್ನೂ ಒಪ್ಪಿಸಿದವರಲ್ಲಿ ಅವನೇ ಮುಂದು. ದೇಶ ಒಡೆಯಲಿಲ್ಲ, ನಿಜ. ಆದರೆ ಆ ಒಪ್ಪಂದದಲ್ಲಿ ಯಾರ ಬದುಕು ಹಂಚಿಹೋಯಿತೋ, ಅವರನ್ನು ಯಾರು ಕೇಳಿದರು?

ಅವರಲ್ಲೊಬ್ಬಳು ಅವನ ಮನೆಯಲ್ಲೇ ಇದ್ದಳು, ಷಾರ್ಲೆಟ್ ಡುಪ್ಯೂಯಿ. ಕ್ಲೇ ವಿದೇಶಾಂಗ ಮಂತ್ರಿಯ ಹುದ್ದೆ ಮುಗಿಸಿ 1829ರಲ್ಲಿ ವಾಷಿಂಗ್ಟನ್ ಬಿಟ್ಟು ಹೊರಡುವ ಹೊತ್ತಿಗೆ, ಈ ಗುಲಾಮ ಹೆಂಗಸು ಅವನ ಮೇಲೇ ಕೇಸು ಹಾಕಿದಳು. ಹಳೆಯ ಯಜಮಾನ ಬಿಡುಗಡೆಯ ಮಾತು ಕೊಟ್ಟಿದ್ದ ಅನ್ನೋದು ಅವಳ ವಾದ. ಆ ಮಾತು ಕ್ಲೇಗೆ ಅನ್ವಯಿಸುವುದಿಲ್ಲ ಅಂದಿತು ಕೋರ್ಟು. ಸೋತರೂ ಕೆಂಟಕಿಗೆ ಹೋಗಲು ಒಪ್ಪಲಿಲ್ಲ. ಅವಳನ್ನು ಜೈಲಿಗೆ ಹಾಕಿಸಿದರು, ಆಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಕ್ಲೇ ಮಗಳ ಮನೆಗೆ ಕಳಿಸಿದರು. ಬಿಡುಗಡೆ ಸಿಕ್ಕಿದ್ದು 1840ರಲ್ಲಿ, ತನ್ನ ಮಗಳು ಮೇರಿ ಆನ್ ಜೊತೆ.

1798ರಲ್ಲೇ ಗುಲಾಮರನ್ನು ಹಂತಹಂತವಾಗಿ ಬಿಡಬೇಕು ಅಂತ ಪತ್ರಿಕೆಗೆ ಬರೆದಿದ್ದ ಮನುಷ್ಯ ಇವನು. ನನಗೆ ಅವನ ಮೇಲೆ ಜಾಸ್ತಿ ಸಿಟ್ಟು ಬರೋದು ಅದಕ್ಕೇ. ಗೊತ್ತಿಲ್ಲದೆ ಮಾಡಿದ್ದಲ್ಲ ಅಲ್ವಾ?

ನೀನು ಯಾರ ಪರ ನಿಲ್ಲುತ್ತಿದ್ದೆ ಅಂತ ಕೇಳೋದಿಲ್ಲ, ಅದು ಸುಲಭ. ಆ ಕಾಲದ ಕಾನೂನಿನೊಳಗೇ ಷಾರ್ಲೆಟ್ ಕೇಸನ್ನು ಹೇಗೆ ವಾದಿಸುತ್ತಿದ್ದೆ? ಭಾನುವಾರ ಫೋನ್ ಮಾಡಿದಾಗ ಹೇಳು.

ಇತಿ,
ಅಮ್ಮ