ನಾಳೆ ಡಾರ್ಜಿಲಿಂಗ್‌ನಲ್ಲಿ ಎಚ್‌ಎಂಐ ಭೇಟಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ತಿಂಡಿ ಮುಗಿಸಿ ಊರಿನ ಮುಖ್ಯ ಚೌಕವಾದ ಚೌರಸ್ತಾದಲ್ಲಿ ಸೇರೋಣ. ಅಲ್ಲಿಂದ ಪರ್ವತಾರೋಹಣ ಕಲಿಸೋ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್‌ಗೆ (ಎಚ್‌ಎಂಐ) ನಡೆದೇ ಹೋಗೋದು. ಮಂಡಿನೋವು ಇರೋರು ಈಗಲೇ ತಿಳಿಸಿ, ಟ್ಯಾಕ್ಸಿ ಹೇಳ್ತೀನಿ. ಸಂಸ್ಥೆ ಇರೋದು ಪದ್ಮಜಾ ನಾಯ್ಡು ಮೃಗಾಲಯದ ಆವರಣದೊಳಗೆ. ಗುರುವಾರ ಮೃಗಾಲಯಕ್ಕೆ ರಜೆ, ಅದಕ್ಕೇ ಕಾರ್ಯಕ್ರಮ ನಾಳೆಗೆ ಹಾಕಿದ್ದು.

ಮಕ್ಕಳು ಕೆಂಪು ಪಾಂಡಾ ಮುಂದೆ ನಿಂತರೆ ಕದಲೋದಿಲ್ಲ, ಗೊತ್ತು. ಆದರೂ ಮೊದಲು ಸಂಸ್ಥೆಯ ಮ್ಯೂಸಿಯಂ, ಆಮೇಲೆ ಪ್ರಾಣಿಗಳು. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ಮರುವರ್ಷವೇ, 1954ರ ನವೆಂಬರ್‌ನಲ್ಲಿ ಶುರುವಾದ ಶಾಲೆ ಇದು. ಇಲ್ಲಿ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು ತೇನ್‌ಸಿಂಗ್ ಅವರೇ. ಅವರ ಸಮಾಧಿ, ಪ್ರತಿಮೆ ಎರಡೂ ಅಲ್ಲೇ ಇವೆ.

ಒಳಗೆ ಹಳೇ ಬೂಟು, ಐಸ್ ಕೊಡಲಿ, ಆಕ್ಸಿಜನ್ ಉಪಕರಣ ಇಟ್ಟಿದ್ದಾರೆ. ಆ ಕಾಲದ ಸಾಮಾನು ನೋಡಿದರೆ, ಇಷ್ಟರಲ್ಲೇ 8,848 ಮೀಟರ್ ಹತ್ತಿದರಾ ಅನ್ನಿಸುತ್ತೆ. ಹಿಮಾಲಯದ ಉಬ್ಬು ನಕ್ಷೆ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮೋಡ ಇಲ್ಲದಿದ್ದರೆ ಹೊರಗೆ ಕಾಣುವ ಕಾಂಚನಜುಂಗಾವನ್ನು ಅದರಲ್ಲಿ ಹುಡುಕಿ, ಸುತ್ತಲಿನ ಶಿಖರಗಳ ಜೋಡಣೆ ಆಗ ತಲೆಗೆ ಹತ್ತುತ್ತೆ.

ಫೋಟೋ ತೆಗೆಯೋ ಮೊದಲು ಸಿಬ್ಬಂದಿಯನ್ನು ಕೇಳಿ. ಸ್ವೆಟರ್, ಕೊಡೆ, ಹಿಡಿತ ಇರೋ ಬೂಟು ಕಡ್ಡಾಯ, ಚಪ್ಪಲಿ ಬೇಡ. ಬರೋರು ಇವತ್ತು ರಾತ್ರಿಯೊಳಗೆ ಹೆಸರು ಹಾಕಿ, ದಯವಿಟ್ಟು ಬರೀ ಹೆಬ್ಬೆಟ್ಟಿನ ಇಮೋಜಿ ಒತ್ತಬೇಡಿ, ಎಷ್ಟು ಜನ ಅಂತ ಲೆಕ್ಕ ಸಿಗಲ್ಲ.